ಕಾಲು ಜಾರುವುದು, ಮೈ ತೇಲುವುದು

ನಿಂತಲ್ಲೇ ನಡೆಯುವ 24 ಫ್ರೇಮಿನ ನಿಮ್ಮ ಮೊದಲ ಬ್ಲೆಂಡರ್ (3ಡಿ ಅನಿಮೇಷನ್ ತಂತ್ರಾಂಶ) ವಾಕ್ ಸೈಕಲ್‌ನಲ್ಲಿ (ಮರುಕಳಿಸುವ ನಡಿಗೆಯ ಅನಿಮೇಷನ್) ಪಾದ ಜಾರುತ್ತದೆ, ಪಾತ್ರ ತೇಲಿದಂತಿದೆ ಎಂದಿದ್ದೀರಿ. ಮೊದಲ ಪ್ರಯತ್ನಕ್ಕೆ ಭಂಗಿಗಳು ನಿಜಕ್ಕೂ ಸ್ಪಷ್ಟವಾಗಿವೆ.

ಜಾರುವುದಕ್ಕೆ ಕಾರಣ ಬೆಝಿಯರ್ ಕರ್ವ್, ಅಂದರೆ ಎರಡು ಭಂಗಿಗಳ ನಡುವಿನ ಚಲನೆ ತೋರಿಸುವ ಬಾಗಿದ ಗೆರೆ. ಊರಿದ ಪಾದ ಪ್ರತಿ ಫ್ರೇಮಿಗೂ ಒಂದೇ ಅಳತೆಯಷ್ಟು ಹಿಂದೆ ಸರಿಯಬೇಕು. ಬೆಝಿಯರ್ ಶುರುವಿನಲ್ಲೂ ಕೊನೆಯಲ್ಲೂ ವೇಗ ತಗ್ಗಿಸುತ್ತದೆ. ಗ್ರಾಫ್ ಎಡಿಟರ್‌ನಲ್ಲಿ ಪಾದದ ಹಿಂದೆ-ಮುಂದಿನ ಚಾನೆಲ್‌ನ ಪಾದ ಊರಿರುವ ಭಾಗವನ್ನಷ್ಟೇ ಆರಿಸಿ, ಟಿ (T) ಕೀ ಒತ್ತಿ, ಲೀನಿಯರ್ (ಒಂದೇ ವೇಗದ ನೇರ ಗೆರೆ) ಮಾಡಿ. ಗಾಳಿಯಲ್ಲಿರುವ ಕಾಲಿನ ಕರ್ವ್ ಮುಟ್ಟಬೇಡಿ.

ತೇಲುವುದು ಸೊಂಟದ ತಪ್ಪು, ಹೆಚ್ಚಿನ ಗಮನ ಇಲ್ಲಿರಲಿ. ಹೆಜ್ಜೆ ಊರುವುದು ಫ್ರೇಮ್ 1 ಮತ್ತು 13ರಲ್ಲಾದರೆ, ಸೊಂಟ 4ರಲ್ಲಿ ಅತಿ ಕೆಳಗೆ, 10ರಲ್ಲಿ ಅತಿ ಮೇಲೆ ಇರಬೇಕು. ಮುಂದಿನ ಹೆಜ್ಜೆಗೆ 16 ಮತ್ತು 22. ನೀವು 1ರಲ್ಲೇ ಕೆಳಗಿಟ್ಟಿದ್ದೀರಿ, ಹಾಗಾಗಿ ಕಾಲು ಭಾರ ಹೊರುವ ಮೊದಲೇ ಮೈ ಕುಸಿದಿದೆ. 7ರಲ್ಲಿ ಸೊಂಟ ಊರಿದ ಕಾಲಿನ ಕಡೆಗೆ ಸರಿಯಲಿ. ಇದನ್ನು ಮುಂದಿನಿಂದ ನೋಡಿಯೇ ಸರಿಪಡಿಸಬೇಕು, ಪಕ್ಕದಿಂದ ಕಾಣುವುದೇ ಇಲ್ಲ.

ಮಂಡಿ ಫಟ್ಟನೆ ನೆಟ್ಟಗಾಗುತ್ತಿದ್ದರೆ ಐಕೆ (ಪಾದ ಸರಿಸಿದರೆ ಮಂಡಿ ತಾನೇ ಮಡಚುವ ವ್ಯವಸ್ಥೆ) ಕಾಲು ಪೂರ್ತಿ ಚಾಚಿದೆ ಎಂದರ್ಥ. ಆ ಫ್ರೇಮುಗಳಲ್ಲಿ ಸೊಂಟ ತುಸು ಇಳಿಸಿ.

ಲೂಪ್ ತಡವರಿಸದಿರಲು 25ರ ಭಂಗಿ 1ರದ್ದೇ ಆಗಿರಲಿ, ಪ್ಲೇಬ್ಯಾಕ್ 24ಕ್ಕೆ ಮುಗಿಯಲಿ. ಕೈಗಳನ್ನು ಸೊಂಟ ಸರಿಯಾದ ಮೇಲೆ ನೋಡೋಣ. ಮುಂದಿನ ಸಲ ಪಕ್ಕದ, ಎದುರಿನ ಎರಡೂ ನೋಟಗಳನ್ನು ಫ್ರೇಮ್ ಸಂಖ್ಯೆ ಕಾಣುವಂತೆ ಹಾಕಿ.