ಕವಿತೆ ಬರೆಯಲು ನೌಕರಿ ಬಿಡಬೇಕೇ?

ಎಂಟು ತಿಂಗಳಿಂದ ಒಂದು ಸಾಲೂ ಹುಟ್ಟಿಲ್ಲ, ಕಚೇರಿಯೇ ಸ್ಫೂರ್ತಿಯನ್ನು ಕೊಲ್ಲುತ್ತಿದೆ, ರಾಜೀನಾಮೆ ಕೊಟ್ಟು ಬರೆಯಲು ಕೂರಲೇ ಎಂದು ಕೇಳಿದ್ದೀರಿ. ನಾನು ರಾಜೀನಾಮೆಯವರೆಗೆ ಹೋಗಲಿಲ್ಲ. ಒಂದು ವರ್ಷ ಸಂಬಳವಿಲ್ಲದ ರಜೆ ಹಾಕಿ ತೀರ್ಥಹಳ್ಳಿಯ ಹತ್ತಿರದ ಹಳೆಯ ಮನೆಗೆ ಹೋಗಿ ಕುಳಿತೆ.

ಅದಕ್ಕೂ ಮುಂಚೆ ಒಂಬತ್ತು ವರ್ಷ ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಕ್ಯಾಶಿಯರ್ ಆಗಿದ್ದೆ. ಪಿಂಚಣಿಯ ದಿನ ಹೆಬ್ಬೆಟ್ಟು ಒತ್ತಿದ ಅಜ್ಜಿಯೊಬ್ಬರಿಗೆ ಮಸಿ ಒರೆಸಿಕೊಳ್ಳಲು ಬಟ್ಟೆ ಚಾಚಿದರೆ, "ಇರಲಿ ಬಿಡಪಾ, ಮುಂದಿನ ತಿಂಗಳಕ್ಕ ಮತ್ತ ಬೇಕಾಗ್ತೈತಿ" ಎಂದು ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು. ಇಂಥದ್ದನ್ನು ಕೇಳಿದಾಗಲೆಲ್ಲ ಚಲನ್ನಿನ ಹಿಂಬದಿಯಲ್ಲಿ ಗೀಚಿ ಡ್ರಾಯರಿಗೆ ತುರುಕುತ್ತಿದ್ದೆ.

ರಜೆ ಮಂಜೂರಾದ ಸಂಜೆ ಆ ಚೀಟಿಗಳನ್ನೆಲ್ಲ ಹರಿದು ಕಸದ ಬುಟ್ಟಿಗೆ ಹಾಕಿದೆ. ನನ್ನ ತಪ್ಪು ಇದೇ, ರಜೆಯಲ್ಲ. ಅವು ಬಿಡುವಿಲ್ಲದವನ ಚೂರುಪಾರು, ನಿಜವಾದ ಕವಿತೆ ಇನ್ನು ಮುಂದೆ ಕಿಟಕಿಯ ಪಕ್ಕದ ಮೇಜಿನಲ್ಲಿ, ಹೊಸ ನೋಟುಪುಸ್ತಕದಲ್ಲಿ ಇಳಿದು ಬರುತ್ತದೆ ಎಂದು ನಂಬಿದ್ದೆ. ಯಾವುದನ್ನು ಕವಿತೆಗೆ ಅಡ್ಡಿ ಎಂದುಕೊಂಡಿದ್ದೆನೋ ಅದೇ ಅದರ ಸಾಮಗ್ರಿಯಾಗಿತ್ತು; ಸಾಮಗ್ರಿಯನ್ನು ಎಸೆದು ಒಲೆಯನ್ನು ಮಾತ್ರ ಹೊತ್ತುಕೊಂಡು ಹೋದೆ. ಇನ್ನೂ ಬಿಡಿಸಿ ಹೇಳುವುದಾದರೆ, ಆ ಚೀಟಿಗಳಲ್ಲಿ ಇದ್ದದ್ದು ನನ್ನ ಭಾವನೆಗಳಲ್ಲ, ಬೇರೆಯವರ ಮಾತು. ಭಾವನೆಯನ್ನು ಮತ್ತೆ ಎಬ್ಬಿಸಿಕೊಳ್ಳಬಹುದು, ಆದರೆ ಕೌಂಟರಿನಾಚೆಯಿಂದ ಒಮ್ಮೆ ಕೇಳಿದ ಮಾತನ್ನು ಅದರ ಲಯದ ಸಮೇತ ಮರಳಿ ಪಡೆಯಲು ಸಾಧ್ಯವಿಲ್ಲ.

ತೀರ್ಥಹಳ್ಳಿಯಲ್ಲಿ ನಲವತ್ತು ಕವಿತೆ ಬರೆದೆ. ಎಲ್ಲವೂ ಮಳೆ ಮತ್ತು ಒಂಟಿತನದ ಮೇಲೆ, ಎಲ್ಲವೂ ಐದೈದು ಮಾತ್ರೆಯ ಗಣಗಳಲ್ಲಿ. ಎಣಿಸಿದರೆ ಒಂದು ಮಾತ್ರೆಯೂ ತಪ್ಪುತ್ತಿರಲಿಲ್ಲ. (ಆ ಊರಿನವರಿಗೆ ಮಳೆ ಹೊಸ ಸುದ್ದಿಯೇನಲ್ಲ.) ಅವುಗಳಲ್ಲಿ ಒಂದನ್ನೂ ಈಗ ಯಾರಿಗೂ ತೋರಿಸುವುದಿಲ್ಲ.

ಆದ್ದರಿಂದ ಕಚೇರಿ ಸ್ಫೂರ್ತಿಯನ್ನು ಕೊಲ್ಲುತ್ತದೆ ಎಂಬ ನಿಮ್ಮ ಮಾತನ್ನೇ ನಾನು ಒಪ್ಪುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಹೊರಬಂದಾಗ ಅವರು ಸರ್ಕಾರಿ ಗುಮಾಸ್ತರು. ಕುವೆಂಪು ರಾಮಾಯಣವನ್ನು ಬರೆದದ್ದು ಕಾಲೇಜಿನಲ್ಲಿ ಪಾಠ ಹೇಳುತ್ತಲೇ. ಅವರ ಪ್ರತಿಭೆ ನಮಗಿಲ್ಲದಿರಬಹುದು, ಆದರೆ ಬಿಡುವು ಅವರಿಗೂ ಇರಲಿಲ್ಲ. ಎಂಟು ತಿಂಗಳಲ್ಲಿ ಸಾಲು ಬರಲಿಲ್ಲ ಎಂದಿದ್ದೀರಿ. ಆ ಎಂಟು ತಿಂಗಳಲ್ಲಿ ಏನನ್ನು ಗೀಚಿಟ್ಟುಕೊಂಡಿದ್ದೀರಿ ಎಂದು ಮಾತ್ರ ಹೇಳಿಲ್ಲ. ರಾಜೀನಾಮೆ ಬೇಡ, ಜೇಬಿನಲ್ಲಿ ಒಂದು ಪೆನ್ನು ಇರಲಿ, ಗೀಚಿದ್ದನ್ನು ಯಾವ ಕಾರಣಕ್ಕೂ ಎಸೆಯಬೇಡಿ.

ರಜೆ ಮುಗಿಸಿ ಅದೇ ಕೌಂಟರಿಗೆ ಮರಳಿದಾಗ ಪಿಂಚಣಿಯ ಸಾಲಿನಲ್ಲಿ ಆ ಅಜ್ಜಿ ಕಾಣಲಿಲ್ಲ. ಅಷ್ಟೂ ಚೀಟಿಗಳಲ್ಲಿ ಅವರ ಆ ಮಾತೊಂದೇ ನೆನಪಿನಲ್ಲಿ ಉಳಿದದ್ದು; ಅದಿನ್ನೂ ಕವಿತೆಯಾಗಿಲ್ಲ.