ವಿಚರ್ 3 ಆದ್ಮೇಲೆ ಯಾವ್ದು ಆಡೋದು?

ವಿಚರ್ 3 ಮುಗಿಸಿದೀನಿ, ಗಿಫ್ಟ್ ಕೊಟ್ಟು ಒಂದು ಬೆಡ್ ಸೀನ್‌ಗೆ ಮುಗಿದೋಗದೆ ನಿಜವಾಗ್ಲೂ ಬೆಳೆಯೋ ರೊಮಾನ್ಸ್ ಇರೋ ಗೇಮ್ ಹೇಳಿ ಅಂತ ಕೇಳಿದೀರಲ್ಲ, ಕಣ್ಮುಚ್ಕೊಂಡು ಬಾಲ್ಡರ್ಸ್ ಗೇಟ್ 3 ತಗೊಳ್ಳಿ. 2023ರದ್ದು. ಅದ್ರಲ್ಲಿ ಆಸ್ಟೇರಿಯನ್ ಅಂತ ಒಬ್ಬ ವ್ಯಾಂಪೈರ್, ಮೊದ್ಲು ತಾನಾಗೇ ಮೈಮೇಲೆ ಬೀಳ್ತಾನೆ, ಆಮೇಲೆ ಎರಡನೇ ಆಕ್ಟ್‌ನಲ್ಲಿ ಅದೆಲ್ಲಾ ನಿನ್ನ ರಕ್ಷಣೆ ಸಿಗ್ಲಿ ಅಂತ ಮಾಡಿದ್ದು, ಆದ್ರೆ ಈಗ ನಿಜವಾಗ್ಲೂ ನಿನ್ನ ಮೇಲೆ ಮನಸಾಗಿದೆ ಅಂತ ಒಪ್ಕೋತಾನೆ, ಅಲ್ಲಿ ಅವನನ್ನ ಸುಮ್ನೆ ಅಪ್ಕೊಳ್ಳೋ ಆಯ್ಕೆ ಇದೆ ನೋಡಿ, ನಂಗೆ ಗಂಟಲು ಕಟ್ಟಿಬಿಡ್ತು. ಅದೇ ಗೇಮ್‌ನ ಇನ್ನೊಬ್ಬ ಜೊತೆಗಾತಿ ಕಾರ್ಲಾಕ್‌ದಂತೂ ಇನ್ನೂ ಸಂಕಟ, ಎದೆಯೊಳಗಿನ ಎಂಜಿನ್ ಬಿಸಿಗೆ ಮೊದ್ಲು ಅವಳನ್ನ ಮುಟ್ಟೋಕೇ ಆಗಲ್ಲ.

ಟೈಮ್ ಇದ್ರೆ ಮಾಸ್ ಎಫೆಕ್ಟ್ ಮೂರೂ ಭಾಗ ಆಡಿ, ಒಂದೇ ಸೇವ್ (ಉಳಿಸಿಟ್ಟ ನಿಮ್ಮ ಆಟ) ಒಂದ್ರಿಂದ ಇನ್ನೊಂದಕ್ಕೆ ಮುಂದಕ್ಕೆ ತಗೊಂಡೋಗಿ. ಮೊದಲನೇದ್ರಲ್ಲಿ ನಿಮ್ಮ ತಂಡದ ಸೈನಿಕಿ ಆಶ್ಲಿ ಜೊತೆ ಪ್ರೀತಿಲಿ ಇದ್ದು ಎರಡನೇದ್ರಲ್ಲಿ ಬೇರೆಯವ್ರ ಹಿಂದೆ ಹೋದ್ರೆ ಮೂರನೇದ್ರಲ್ಲಿ ಅವಳು ಕೇಳೇ ಕೇಳ್ತಾಳೆ. 2021ರ ಲೆಜೆಂಡರಿ ಎಡಿಷನ್‌ನಲ್ಲಿ ಮೂರೂ ಒಟ್ಟಿಗೆ ಬರುತ್ತೆ.

ಹಳೇ ಗ್ರಾಫಿಕ್ಸ್ ಪರ್ವಾಗಿಲ್ಲ ಅಂದ್ರೆ 2009ರ ಡ್ರ್ಯಾಗನ್ ಏಜ್ ಆರಿಜಿನ್ಸ್. ಎಲ್ಫ್ ಹುಡುಗಿಯಾಗಿ ಆಡಿ ನಿಮ್ಮ ಜೊತೆಗಾರ ಅಲಿಸ್ಟೇರ್‌ನ ಪ್ರೀತ್ಸಿ, ಆಮೇಲೆ ಅವನನ್ನ ರಾಜ ಮಾಡಿದ್ರೆ ಏನಾಗುತ್ತೆ ಅಂತ ಹೇಳಲ್ಲ, ನೀವೇ ನೋಡಿ.