ಗೆದ್ದ ಪ್ರತಿನಿಧಿಯ ಕೆಲಸ ನಿಜಕ್ಕೂ ಏನು? ನಾವು ಹೇಳಿದ ಹಾಗೆ ಮತ ಹಾಕಲೇಬೇಕಾ?

ಒಂದೇ ಪ್ರಶ್ನೆಯಂತೆ ಕಂಡರೂ ನೀವು ಕೇಳಿರುವುದು ಮೂರು. ಆಯ್ಕೆಯಾದವರ ಕೆಲಸ ಏನು, ಅವರು ಮತದಾರರ ಮಾತಿನಂತೆ ನಡೆಯಬೇಕೋ ತಮ್ಮ ವಿವೇಕದಂತೆ ನಡೆಯಬೇಕೋ, ಎರಡು ಚುನಾವಣೆಗಳ ನಡುವೆ ಅವರಿಂದ ಕೆಲಸ ಮಾಡಿಸಿಕೊಳ್ಳುವುದು ಹೇಗೆ. ಮೂರನೆಯದಕ್ಕೆ ಉತ್ತರ ಮೊದಲನೆಯದರಲ್ಲೇ ಅಡಗಿದೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಶಾಸನಸಭೆಯ ಸಾಮಾನ್ಯ ಸದಸ್ಯರಿಗೆ ಆಡಳಿತದಲ್ಲಿ ಆಜ್ಞೆ ಮಾಡುವ ಅಧಿಕಾರ ಇರುವುದಿಲ್ಲ. ಟೆಂಡರಿಗೆ ಸಹಿ ಹಾಕುವವರು ಅವರಲ್ಲ, ಕಡತದ ಮೇಲೆ ಆದೇಶ ಬರೆಯುವವರೂ ಅವರಲ್ಲ. ಅದೆಲ್ಲ ಕಾರ್ಯಾಂಗದ ಕೆಲಸ, ಅಂದರೆ ಮಂತ್ರಿಗಳು ಮತ್ತು ಅಧಿಕಾರಿಗಳದ್ದು. ಸಂಸದೀಯ ಪದ್ಧತಿಯಲ್ಲಿ ಒಬ್ಬರೇ ಮಂತ್ರಿಯೂ ಸದಸ್ಯರೂ ಆಗಿರುವುದರಿಂದ ನಮಗೆ ಎರಡೂ ಒಂದೇ ಎನಿಸಿಬಿಡುತ್ತದೆ. ಸದಸ್ಯರ ಕೈಯಲ್ಲಿ ಇರುವುದು ಮೂರು ಹತಾರ: ಕಾನೂನಿನ ಪದಗಳನ್ನು ತಿದ್ದುವುದು, ಸರ್ಕಾರ ಕೇಳುವ ಹಣಕ್ಕೆ ಒಪ್ಪಿಗೆ ಕೊಡುವುದು ಅಥವಾ ಕೊಡದಿರುವುದು, ಸರ್ಕಾರದ ಬಾಯಿಂದ ಉತ್ತರ ಹೊರಡಿಸುವುದು. ಇವುಗಳ ಜೊತೆಗೆ ಕ್ಷೇತ್ರದ ಅಹವಾಲು ಕೇಳುವ ಕೆಲಸವೂ ಇದೆ. ಜನರ ಕಣ್ಣಿಗೆ ಬೀಳುವುದು ಈ ಕೊನೆಯದು ಮಾತ್ರ, ಪ್ರತಿನಿಧಿಗಳು ಹೆಚ್ಚು ಹೊತ್ತು ಕಳೆಯುವುದೂ ಅದರಲ್ಲೇ.

ಕಾನೂನಿನ ವಿಷಯ ಹತ್ತಿರದಿಂದ ನೋಡೋಣ. ಮಸೂದೆಯ ಒಂದು ಸಾಲು ಹೀಗಿದೆ ಎಂದುಕೊಳ್ಳಿ: ‘ಪ್ರಾಧಿಕಾರವು ಅರ್ಜಿ ಬಂದ 30 ದಿನಗಳೊಳಗೆ ತೀರ್ಮಾನ ತಿಳಿಸಬಹುದು.’ ಓದಿದರೆ ಚೆನ್ನಾಗಿಯೇ ಇದೆ. ಆದರೆ ‘ತಿಳಿಸಬಹುದು’ ಎಂದರೆ ತಿಳಿಸದೆಯೂ ಇರಬಹುದು. ಅದನ್ನು ‘ತಿಳಿಸತಕ್ಕದ್ದು’ ಎಂದು ತಿದ್ದಿದರೆ ಅರ್ಜಿದಾರನಿಗೆ ಕೇಳುವ ಹಕ್ಕು ಬಂತು, ಕೋರ್ಟಿಗೆ ಹೋಗಲು ದಾರಿಯೂ ಆಯಿತು. 30 ದಿನ ಮೀರಿದರೆ ಏನಾಗಬೇಕು ಎಂಬ ಇನ್ನೊಂದು ಸಾಲು ಸೇರಿದರೆ ಇನ್ನೂ ಗಟ್ಟಿ. ‘ನಿಯಮಗಳಲ್ಲಿ ಗೊತ್ತುಪಡಿಸಿದ ರೀತಿಯಲ್ಲಿ’ ಎನ್ನುವ ಮಾತು ಎಷ್ಟು ಕಡೆ ಬಂದಿದೆ ಎಂದೂ ಎಣಿಸಬೇಕು. ಅಂಥ ಪ್ರತಿ ಜಾಗದಲ್ಲೂ ಸದನ ತನ್ನ ಕೆಲಸವನ್ನು ಸರ್ಕಾರಕ್ಕೆ ವಹಿಸಿಕೊಡುತ್ತಿರುತ್ತದೆ. ಕಾಯ್ದೆಯ ಚರ್ಚೆ ಟಿವಿಯಲ್ಲಿ ಬರುತ್ತದೆ, ಶುಲ್ಕ ಎಷ್ಟು, ಯಾರಿಗೆ ವಿನಾಯಿತಿ ಎಂಬುದು ಆಮೇಲೆ ಸದ್ದಿಲ್ಲದೆ ಅಧಿಸೂಚನೆಯಲ್ಲಿ ಬರುತ್ತದೆ.

ಇನ್ನೊಂದು ಸಾಲು ಎಲ್ಲರ ಕಣ್ಣು ತಪ್ಪಿಸುತ್ತದೆ: ‘ಸರ್ಕಾರವು ಅಧಿಸೂಚಿಸುವ ದಿನಾಂಕದಿಂದ ಜಾರಿಗೆ ಬರತಕ್ಕದ್ದು.’ ಆ ದಿನಾಂಕ ಬಾರದೇ ಹೋಗಬಹುದು. ಈಸ್ಟರ್ ಹಬ್ಬದ ದಿನ ನಿಗದಿ ಮಾಡಲು ಬ್ರಿಟನ್ನಿನ ಸಂಸತ್ತು 1928ರಲ್ಲಿ ಕಾಯ್ದೆ ಮಾಡಿತು, ಅದು ಜಾರಿಗೇ ಬರಲಿಲ್ಲ. ಅದನ್ನು ನಕ್ಕು ಬಿಡಬಹುದು. ಆದರೆ ಭಾರತದ ಸಂವಿಧಾನಕ್ಕೆ 1978ರಲ್ಲಿ ತಂದ 44ನೇ ತಿದ್ದುಪಡಿಯಲ್ಲಿ ಮುನ್ನೆಚ್ಚರಿಕೆ ಬಂಧನಕ್ಕೆ, ಅಂದರೆ ಅಪರಾಧ ನಡೆಯುವ ಮುಂಚೆಯೇ ಹಿಡಿದಿಡುವುದಕ್ಕೆ, ಕಡಿವಾಣ ಹಾಕುವ ಕಲಮೂ ಹಾಗೆಯೇ ಅಧಿಸೂಚನೆಗೆ ಕಾಯುತ್ತಾ ಉಳಿಯಿತು. ಮಸೂದೆ ಪಾಸಾಯಿತೆಂದು ಪಟಾಕಿ ಹಚ್ಚುವ ಮುಂಚೆ ಈ ಸಾಲು ಓದಿಕೊಳ್ಳುವ ಸದಸ್ಯರು ಬೇಕು.

ಹಣದ ವಿಷಯದಲ್ಲಿ ತತ್ವ ಸರಳ: ಸದನದ ಒಪ್ಪಿಗೆ ಇಲ್ಲದೆ ಖಜಾನೆಯಿಂದ ದುಡ್ಡು ಹೊರಡಬಾರದು. ಆಚರಣೆ ಅಷ್ಟು ಸರಳವಲ್ಲ. ಲೋಕಸಭೆಯಲ್ಲಿ ಇಲಾಖೆಗಳು ಖರ್ಚಿಗೆ ಹಣ ಕೇಳುವ ಬೇಡಿಕೆಗಳ ಪೈಕಿ ಕೆಲವೇ ಚರ್ಚೆಗೆ ಬರುತ್ತವೆ. ನಿಗದಿಯಾದ ಕೊನೆಯ ದಿನ ಉಳಿದವನ್ನೆಲ್ಲ ಚರ್ಚೆಯಿಲ್ಲದೆ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. ಅದಕ್ಕೆ ಗಿಲೊಟಿನ್ ಎಂದೇ ಹೆಸರು. ಆದರೂ ಸದಸ್ಯರಿಗೆ ಒಂದು ಪುಟ್ಟ ಉಪಾಯ ಉಂಟು: ಬೇಡಿಕೆಯ ಮೊತ್ತದಲ್ಲಿ 100 ರೂಪಾಯಿ ಕಡಿತ ಮಾಡಬೇಕೆಂದು ಸೂಚನೆ ಕೊಡುವುದು. ನೂರು ರೂಪಾಯಿ ಉಳಿಸುವುದು ಇದರ ಉದ್ದೇಶವಲ್ಲ. ಆ ಇಲಾಖೆಯ ಒಂದು ನಿರ್ದಿಷ್ಟ ಲೋಪವನ್ನು ಹೆಸರಿಸಿ ದಾಖಲೆಗೆ ತರುವುದು ಉದ್ದೇಶ. ಖರ್ಚಾದ ಮೇಲಿನ ತಪಾಸಣೆಗೆ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇದೆ. ಬ್ರಿಟನ್ನಿನಲ್ಲಿ ಇದು 1861ರಲ್ಲಿ ಶುರುವಾಯಿತು. ಅಲ್ಲೂ ಭಾರತದ ಸಂಸತ್ತಿನಲ್ಲೂ ಅದರ ಅಧ್ಯಕ್ಷಗಿರಿ ವಿರೋಧ ಪಕ್ಷದವರಿಗೆ ಕೊಡುವ ರೂಢಿ. ಇಂಥ ಸಮಿತಿಯಲ್ಲಿ ಸಾಮಾನ್ಯವಾಗಿ ಕಿರುಚಾಟ ಕಡಿಮೆ, ಓದು ಜಾಸ್ತಿ. ನನ್ನ ಲೆಕ್ಕದಲ್ಲಿ ಒಬ್ಬ ಸದಸ್ಯರನ್ನು ಅಳೆಯಲು ಸದನದ ಭಾಷಣಕ್ಕಿಂತ ಸಮಿತಿಯ ಹಾಜರಾತಿ ಒಳ್ಳೆಯ ಅಳತೆಗೋಲು. ಅಲ್ಲಿ ಕ್ಯಾಮೆರಾ ಇರದ ಕಡೆಯಂತೂ ಇನ್ನೂ ಒಳ್ಳೆಯದು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ನಾವು ಹೇಳಿದ ಹಾಗೆ ಕೇಳಬೇಕಾ ಅನ್ನುವುದು. ಇದು ಹಳೇ ಜಗಳ. 1774ರ ನವೆಂಬರ್ 3ರಂದು ಎಡ್ಮಂಡ್ ಬರ್ಕ್ ಎಂಬ ಬ್ರಿಟಿಷ್ ರಾಜಕಾರಣಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮತದಾರರ ಮುಂದೆ, ಗೆದ್ದ ಕೂಡಲೇ, ಪ್ರತಿನಿಧಿ ನಿಮಗೆ ಕೊಡಬೇಕಾದದ್ದು ದುಡಿಮೆಯಷ್ಟೇ ಅಲ್ಲ, ತನ್ನ ವಿವೇಚನೆಯನ್ನೂ ಕೊಡಬೇಕು ಎಂಬರ್ಥದ ಮಾತಾಡಿದ. ಆಮೇಲೆ ಐರ್ಲೆಂಡಿನ ವ್ಯಾಪಾರದ ಮೇಲಿನ ನಿರ್ಬಂಧ ಸಡಿಲಿಸುವ ಪರ ನಿಂತು ಬ್ರಿಸ್ಟಲ್‌ನ ವರ್ತಕರ ಸಿಟ್ಟಿಗೆ ಗುರಿಯಾದ. 1780ರಲ್ಲಿ ಅಲ್ಲಿ ಗೆಲ್ಲುವುದಿಲ್ಲವೆಂದು ಕಂಡು ಕಣದಿಂದ ಹಿಂದೆ ಸರಿದು, ಒಬ್ಬ ಶ್ರೀಮಂತ ಪೋಷಕನ ಹಿಡಿತದಲ್ಲಿದ್ದ ಮಾಲ್ಟನ್ ಕ್ಷೇತ್ರದಿಂದ ಸಂಸತ್ತಿಗೆ ಹೋದ. ವಿವೇಚನೆಯ ವಾದ ಉಲ್ಲೇಖಿಸುವವರು ಈ ಕೊನೆಯ ಭಾಗ ಹೇಳುವುದನ್ನು ಮರೆಯುತ್ತಾರೆ.

ಕಾನೂನಿನ ಮಟ್ಟದಲ್ಲಿ ಬಹಳಷ್ಟು ದೇಶಗಳು ಬರ್ಕನ ಕಡೆಗಿವೆ. ಜರ್ಮನಿಯ ಮೂಲಕಾನೂನಿನ (ಅಂದರೆ ಸಂವಿಧಾನದ) 38ನೇ ವಿಧಿ ಸದಸ್ಯರನ್ನು ಇಡೀ ಜನತೆಯ ಪ್ರತಿನಿಧಿಗಳು, ಯಾರ ಆದೇಶಕ್ಕೂ ಕಟ್ಟುಬೀಳದವರು, ಆತ್ಮಸಾಕ್ಷಿಗೆ ಮಾತ್ರ ಅಧೀನರು ಎನ್ನುತ್ತದೆ. ಫ್ರಾನ್ಸಿನ 1958ರ ಸಂವಿಧಾನದ 27ನೇ ವಿಧಿಯ ಪ್ರಕಾರ ಹೀಗೆಯೇ ಮತ ಹಾಕಬೇಕೆಂದು ಸದಸ್ಯರನ್ನು ಕಟ್ಟಿಹಾಕುವ ಆದೇಶ ಅಸಿಂಧು. ಇದಕ್ಕೆ ಕಾರಣವಿದೆ. ಸದಸ್ಯರೆಲ್ಲ ತಮ್ಮ ತಮ್ಮ ಕ್ಷೇತ್ರದ ಚೀಟಿ ಹಿಡಿದೇ ಬಂದರೆ ಸದನದಲ್ಲಿ ಚರ್ಚೆ ಮಾಡಿ ಯಾರ ಮನಸ್ಸೂ ಬದಲಾಗುವಂತಿಲ್ಲ, ಚೀಟಿ ಎಣಿಸಿ ಎದ್ದು ಹೋಗಬೇಕಷ್ಟೆ. ಚುನಾವಣೆ ಹೊತ್ತಿಗೆ ಯಾರೂ ಊಹಿಸಿರದ ವಿಷಯ ಮಧ್ಯದಲ್ಲಿ ಬಂದರೆ ಚೀಟಿಯಲ್ಲಿ ಏನೂ ಬರೆದಿರುವುದಿಲ್ಲ.

ವಾಸ್ತವದಲ್ಲಿ ಸದಸ್ಯರು ಕೇಳುವುದು ಮತದಾರರ ಮಾತನ್ನೂ ಅಲ್ಲ, ಆತ್ಮಸಾಕ್ಷಿಯ ಮಾತನ್ನೂ ಅಲ್ಲ, ಪಕ್ಷದ ವಿಪ್ಪನ್ನು, ಅಂದರೆ ಹೀಗೆಯೇ ಮತ ಹಾಕಿ ಎಂದು ಪಕ್ಷ ಕೊಡುವ ಆದೇಶವನ್ನು. ಇದು ಎಷ್ಟು ಬಿಗಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಪಕ್ಷದ ವಿರುದ್ಧ ಮತ ಹಾಕಿದವರಿಗೆ ಮುಂದಿನ ಸಲ ಟಿಕೆಟ್ ತಪ್ಪಬಹುದು, ಇರುವ ಸ್ಥಾನ ಹೋಗುವುದಿಲ್ಲ. ಭಾರತದಲ್ಲಿ 1985ರಲ್ಲಿ ಸಂವಿಧಾನಕ್ಕೆ ಸೇರಿಸಿದ ಹತ್ತನೇ ಅನುಸೂಚಿಯಂತೆ (ಪಕ್ಷಾಂತರ ತಡೆಯುವ ಕಾನೂನು) ವಿಪ್ ಮೀರಿ ಮತ ಹಾಕಿದರೆ, ಅಥವಾ ಮತ ಹಾಕದೆ ಕೂತರೆ, ಪಕ್ಷ 15 ದಿನದೊಳಗೆ ಮನ್ನಿಸದಿದ್ದಲ್ಲಿ ಸದಸ್ಯತ್ವವೇ ಹೋಗಬಹುದು. ದುಡ್ಡಿಗೆ, ಕುರ್ಚಿಗೆ ಪಕ್ಷ ಹಾರುವವರನ್ನು ತಡೆಯಲು ತಂದ ಈ ಮದ್ದು ಸಾಮಾನ್ಯ ಮಸೂದೆಯ ಮೇಲೆ ಭಿನ್ನಮತ ಹೇಳುವವರ ಬಾಯಿಯನ್ನೂ ಕಟ್ಟಿತು. ರೋಗ ನಿಜವೇ ಆಗಿತ್ತು, ಆದರೆ ಮದ್ದಿನ ಪ್ರಮಾಣ ಜಾಸ್ತಿಯಾಯಿತು ಎಂದೇ ನನ್ನ ಅಭಿಪ್ರಾಯ.

ಹಾಗಾಗಿ ‘ಈ ಮಸೂದೆಯ ವಿರುದ್ಧ ಮತ ಹಾಕಿ’ ಎಂದು ಆಳುವ ಪಕ್ಷದ ಸದಸ್ಯರನ್ನು ಕೇಳುವುದರಿಂದ ಹೆಚ್ಚು ಸಲ ಏನೂ ಹುಟ್ಟುವುದಿಲ್ಲ. ಮತಕ್ಕೆ ಹೋಗುವ ಮುಂಚೆ, ಪಕ್ಷದ ಒಳಗಿನ ಸಭೆಯಲ್ಲಿ ಅಥವಾ ಸಮಿತಿಯ ಹಂತದಲ್ಲಿ, ಒಂದು ಸಾಲಿನ ತಿದ್ದುಪಡಿ ಕೇಳಿ ಎಂದರೆ ಅವರಿಗೆ ಮಾಡಲು ಸಾಧ್ಯವಿರುವ ಕೆಲಸ ಕೊಟ್ಟಂತೆ.

ಈಗ ಮೂರನೆಯದು, ಅವರಿಂದ ಕೆಲಸ ತೆಗೆಯುವ ಬಗೆ. ಮೊದಲು ವಿಷಯ ಯಾರ ವ್ಯಾಪ್ತಿಗೆ ಬರುತ್ತದೆ ನೋಡಿ. ಚರಂಡಿ, ಬೀದಿದೀಪ ಸ್ಥಳೀಯ ಸಂಸ್ಥೆಯದ್ದು. ಅದಕ್ಕೆ ರಾಷ್ಟ್ರೀಯ ಸಂಸತ್ತಿನ ಸದಸ್ಯರ ಮನೆ ಬಾಗಿಲು ತಟ್ಟಿದರೆ ಅವರು ಒಂದು ಶಿಫಾರಸು ಪತ್ರ ಕೊಟ್ಟು ಕಳಿಸುತ್ತಾರೆ, ಅದು ಯಾವುದೋ ಟೇಬಲ್ಲಿನಲ್ಲಿ ಕೊಳೆಯುತ್ತದೆ. ಎರಡನೆಯದಾಗಿ, ಮೊದಲು ಸಂಬಂಧಪಟ್ಟ ಕಚೇರಿಗೆ ನೀವೇ ಅರ್ಜಿ ಹಾಕಿ ಸ್ವೀಕೃತಿ ಇಟ್ಟುಕೊಂಡಿರಬೇಕು. ಅರ್ಜಿ ಸಂಖ್ಯೆ, ದಿನಾಂಕ ಇದ್ದರೆ ಪ್ರತಿನಿಧಿಯ ಆಪ್ತ ಸಹಾಯಕರು ಫೋನಿನಲ್ಲೇ ‘ಇದು ಯಾಕೆ ನಿಂತಿದೆ’ ಎಂದು ಕೇಳಬಹುದು. ಇಲ್ಲದಿದ್ದರೆ ‘ನೋಡೋಣ’ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಮನವಿ ಒಂದೇ ಪುಟ ಇರಲಿ: ಏನು ತೊಂದರೆ, ಎಷ್ಟು ಜನಕ್ಕೆ, ಯಾವ ಕಚೇರಿ, ಯಾವ ದಿನಾಂಕದಿಂದ, ಪ್ರತಿನಿಧಿ ಮಾಡಬೇಕಾದ ಒಂದೇ ಒಂದು ಕೆಲಸ ಏನು. ಒಂದು ಮನವಿಯಲ್ಲಿ ಏಳು ಬೇಡಿಕೆ ಬರೆದರೆ ಏಳೂ ಮೂಲೆ ಸೇರುತ್ತವೆ.

ಸದನದಲ್ಲಿ ಪ್ರಶ್ನೆ ಕೇಳಿಸುವುದಾದರೆ ಪ್ರಶ್ನೆಯನ್ನು ನೀವೇ ಬರೆದುಕೊಡಿ, ಅವರ ಅರ್ಧ ಶ್ರಮ ಉಳಿಯುತ್ತದೆ. ‘ರಸ್ತೆ ಯಾವಾಗ ಸರಿಯಾಗುತ್ತದೆ?’ ಎಂದು ಕೇಳಿದರೆ ‘ಶೀಘ್ರದಲ್ಲಿ’ ಎಂಬ ಉತ್ತರ ಬರುತ್ತದೆ, ಅದು ಉತ್ತರವೇ ಅಲ್ಲ. ಬದಲಿಗೆ, ಈ ಕಾಮಗಾರಿಗೆ ಮಂಜೂರಾದ ಮೊತ್ತ ಎಷ್ಟು, ಇಲ್ಲಿವರೆಗೆ ಪಾವತಿಯಾದದ್ದು ಎಷ್ಟು, ಕರಾರಿನ ಪ್ರಕಾರ ಮುಗಿಯಬೇಕಿದ್ದ ದಿನಾಂಕ ಯಾವುದು, ವಿಳಂಬಕ್ಕೆ ವಿಧಿಸಿದ ದಂಡ ಎಷ್ಟು ಎಂದು ಬಿಡಿಬಿಡಿಯಾಗಿ ಕೇಳಿ. ಅಂಕಿ ಕೇಳಿದ ಕಡೆ ಜಾರಿಕೊಳ್ಳುವುದು ಕಷ್ಟ. ಲೋಕಸಭೆಯ ನಿಯಮದಲ್ಲಿ ಇದಕ್ಕೆ ಕನಿಷ್ಠ 15 ಪೂರ್ಣ ದಿನಗಳ ಮುಂಗಡ ಸೂಚನೆ ಬೇಕು, ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು, ಅದರಲ್ಲಿ ವಾದ, ಆರೋಪ, ಅಭಿಪ್ರಾಯ ಇರಬಾರದು, ವಿಷಯ ನ್ಯಾಯಾಲಯದ ವಿಚಾರಣೆಯಲ್ಲಿ ಇರಬಾರದು. ಸಿಟ್ಟಿನಲ್ಲಿ ಬರೆದ ಪ್ರಶ್ನೆಗಳು ತಿರಸ್ಕಾರವಾಗುವುದು ಇಲ್ಲೇ. ಅಧಿವೇಶನ ಶುರುವಾದ ಮೇಲೆ ಓಡಿಬಂದರೆ ಹೊತ್ತು ಮೀರಿರುತ್ತದೆ.

ಮತದ ದಾಖಲೆಯ ಬಗ್ಗೆಯೂ ಒಂದು ಮಾತು. ಧ್ವನಿಮತದಲ್ಲಿ ಪಾಸಾದ ಮಸೂದೆಗೆ ಯಾರು ಏನು ಹಾಕಿದರು ಎಂಬ ಲೆಕ್ಕ ಸಿಗುವುದಿಲ್ಲ. ಹೌದು, ಇಲ್ಲ ಎಂಬ ಕೂಗು ಅಷ್ಟೆ. ಹೆಸರು ಸಮೇತ ದಾಖಲಾಗಬೇಕಾದರೆ ಸದಸ್ಯರು ಮತ ವಿಭಜನೆ ಕೇಳಬೇಕು. ಅಮೆರಿಕದ ಸಂವಿಧಾನದಲ್ಲಿ ಹಾಜರಿದ್ದವರಲ್ಲಿ ಐದರಲ್ಲೊಂದು ಭಾಗ ಕೇಳಿದರೂ ಹೆಸರುವಾರು ಮತ ದಾಖಲಾಗಬೇಕು. ನಿಮಗೆ ಮುಖ್ಯವಾದ ಮಸೂದೆ ಇದ್ದರೆ ನಿಮ್ಮ ಸದಸ್ಯರಿಗೆ ಮುಂಚೆಯೇ ಹೇಳಿ: ವಿಭಜನೆ ಕೇಳಿ ಎಂದು.

ಮಧ್ಯದಲ್ಲೇ ಇಳಿಸಲು ಆಗುತ್ತಾ ಎಂದರೆ, ಹೆಚ್ಚಿನ ಕಡೆ ಇಲ್ಲ. ಭಾರತದಲ್ಲಿ ಸಂಸದರನ್ನಾಗಲಿ ಶಾಸಕರನ್ನಾಗಲಿ ಮತದಾರರು ವಾಪಸ್ ಕರೆಸುವ ಅವಕಾಶವಿಲ್ಲ. ಬ್ರಿಟನ್ನಿನಲ್ಲಿ 2015ರ ಕಾಯ್ದೆಯಂತೆ ಆರು ವಾರದೊಳಗೆ ಕ್ಷೇತ್ರದ 10% ಮತದಾರರು ಸಹಿ ಹಾಕಿದರೆ ಸ್ಥಾನ ತೆರವಾಗುತ್ತದೆ, ಆದರೆ ಜೈಲು ಶಿಕ್ಷೆ, ಸದನದಿಂದ ದೀರ್ಘ ಅಮಾನತು, ಸುಳ್ಳು ಭತ್ಯೆಯ ಅಪರಾಧ, ಇಂಥದ್ದು ನಡೆದಿದ್ದರೆ ಮಾತ್ರ. ಕೈಗೆ ಸಿಗುವುದಿಲ್ಲ ಎಂಬುದು ಕಾರಣವಾಗುವುದಿಲ್ಲ. ಸ್ವಿಟ್ಜರ್ಲೆಂಡ್ ಬೇರೆ ದಾರಿ ಹಿಡಿದಿದೆ: ಸದಸ್ಯರನ್ನು ಬಿಟ್ಟು ಅವರು ಮಾಡಿದ ಕಾನೂನನ್ನೇ ಹಿಡಿದುಕೊಳ್ಳುತ್ತದೆ. 100 ದಿನದಲ್ಲಿ 50,000 ಸಹಿ ಕೂಡಿಸಿದರೆ ಆ ಕಾನೂನು ಜನಮತಕ್ಕೆ ಹೋಗುತ್ತದೆ.

ಕೊನೆಗೆ, ಬಹಳ ಮಂದಿ ಬಳಸದ ಒಂದು ದಾರಿ. ಸದನದಲ್ಲಿ ಮಂತ್ರಿ ‘ಪರಿಶೀಲಿಸುತ್ತೇನೆ’, ‘ವಿಷಯ ಸರ್ಕಾರದ ಪರಿಶೀಲನೆಯಲ್ಲಿದೆ’ ಎಂದರೆ ನಾವು ಅಲ್ಲಿಗೆ ಕೈಬಿಡುತ್ತೇವೆ. ಭಾರತದ ಸಂಸತ್ತಿನಲ್ಲಿ ಈ ಮಾತುಗಳು ಭರವಸೆಯ ಪಟ್ಟಿಗೆ ಸೇರುತ್ತವೆ, ಸಾಮಾನ್ಯವಾಗಿ ಮೂರು ತಿಂಗಳೊಳಗೆ ಈಡೇರಿಸಿ ಸದನಕ್ಕೆ ವರದಿ ಕೊಡಬೇಕು, ಅದರ ಬೆನ್ನು ಹತ್ತಲು 1953ರಿಂದ ಲೋಕಸಭೆಯಲ್ಲಿ ಸರ್ಕಾರಿ ಭರವಸೆಗಳ ಸಮಿತಿಯೂ ಇದೆ. ಉತ್ತರ ಬಂದ ದಿನವೇ ಆ ಸಾಲು, ಪ್ರಶ್ನೆ ಸಂಖ್ಯೆ, ದಿನಾಂಕ ಬರೆದಿಟ್ಟುಕೊಳ್ಳಿ. ತೊಂಬತ್ತೊಂದನೇ ದಿನ ಅದೇ ಒಂದು ಪುಟವನ್ನು ನಿಮ್ಮ ಸದಸ್ಯರಿಗೂ ಆ ಸಮಿತಿಗೂ ಕಳಿಸಿ.